ತಲೆಗೊಂದು ಬೀಗ

ಬಚ್ಚಲ ಬಾಗಿಲ ಮುಂದೆ ನಿಂತು ಅವನು ಕೆಮ್ಮಿದ. ಗಂಟಲು ಕೆರೆದಿದ್ದಕ್ಕಲ್ಲ, ಆ ಮನೆಯ ಕಾನೂನೇ ಅದು. ಒಳಗೆ ಯಾರಾದರೂ ಇದ್ದರೆ ತಿರುಗಿ ಕೆಮ್ಮಬೇಕು, ಕೆಮ್ಮು ಬಾರದಿದ್ದರೆ ಬಾಗಿಲು ನೂಕಬಹುದು. ಕೆಲವು ವರ್ಷಗಳ ಹಿಂದೆ ಅವನ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋದವಳು ಜಾರಿ ಬಿದ್ದಿದ್ದಳು. ಬಾಗಿಲು ಒಡೆಯುವಷ್ಟರಲ್ಲಿ ಮನೆಮಂದಿಗೆಲ್ಲ ಜೀವ ಬಾಯಿಗೆ ಬಂದಿತ್ತು. ಅಮ್ಮನಿಗೆ ಹೆಚ್ಚೇನೂ ಆಗಿರಲಿಲ್ಲ, ಸೊಂಟ ಉಳುಕಿತ್ತು, ಅಷ್ಟೇ. ಆದರೆ ಅವತ್ತು ಸಂಜೆಯೇ ಅವನು ಸ್ಕ್ರೂಡ್ರೈವರ್ ಹಿಡಿದು ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿ, ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಟ್ಟುಬಿಟ್ಟ. ಈಗ ಮನೆಗೆಲ್ಲ ಸೇರಿ ಇರುವುದು ಹೊರಬಾಗಿಲಿನ ಒಂದೇ ಬೀಗ. ಇದರಿಂದ ಯಾರಿಗೂ ತೊಂದರೆಯಾಗಿಲ್ಲವೆಂದು ಅವನು ನಂಬಿದ್ದ. ತೊಂದರೆಯಾಗಿದೆಯೇ ಎಂದು ಯಾರನ್ನೂ ಕೇಳಿರಲಿಲ್ಲ.

ಒಳಗಿನಿಂದ ಕೆಮ್ಮು ಬರಲಿಲ್ಲ. ಬಾಗಿಲು ತಾನಾಗಿಯೇ ತೆರೆದು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಮಗಳು ಹೊರಗೆ ಬಂದಳು. ಅವನ ಮುಖ ನೋಡದೆ, ಗೋಡೆಯ ಪಕ್ಕದಲ್ಲಿ ಸರಿದು ಹೋದಳು. ನಿನ್ನೆ ಸಂಜೆಯಿಂದ ಹೀಗೇ. ನಿನ್ನೆ ಸಂಜೆ ಅವನು ಅವಳ ಕೋಣೆಯ ಮುಂದೆ ಕೆಮ್ಮಿದ್ದ. ಕೆಮ್ಮಿದ ಉಸಿರಿನಲ್ಲೇ ಬಾಗಿಲು ನೂಕಿದ್ದ. ಅವಳು ನೆಲದ ಮೇಲೆ ಕೂತು, ಹಾಸಿಗೆಯಲ್ಲಿ ಮುಖ ಹುದುಗಿಸಿಕೊಂಡು ಅಳುತ್ತಿದ್ದಳು. ಸದ್ದು ಬಾರದ ಹಾಗೆ, ಬೆನ್ನಿನಿಂದ ಮಾತ್ರ ಅಳುವ ಅಳು. ಅವನು ಬಂದದ್ದು ಫೋನಿನ ಚಾರ್ಜರ್ ಹುಡುಕಿಕೊಂಡು. ಏನು ಮಾಡಬೇಕೆಂದು ತೋಚದೆ, ಬಂದ ಕೆಲಸ ಬಿಡಲೂ ಆಗದೆ, “ಚಾರ್ಜರ್ ಎಲ್ಲಿದೆ?” ಎಂದು ಕೇಳಿದ. ಅವಳು ಮುಖ ಎತ್ತದೆಯೇ ಕೈ ತೋರಿಸಿದಳು. ಅವನು ಚಾರ್ಜರ್ ತೆಗೆದುಕೊಂಡು ಹೊರಗೆ ಬಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಮೆಲ್ಲಗೆ ಎಳೆದುಕೊಂಡೆನಲ್ಲ ಎಂದು ಆಮೇಲೆ ಬಹಳ ಹೊತ್ತು ಸಮಾಧಾನ ಮಾಡಿಕೊಂಡಿದ್ದ.

ತಿಂಡಿಯ ಹೊತ್ತಿಗೆ ಹೆಂಡತಿ, ಅವಳ ರೂಮಿಗೊಂದು ಚಿಲಕ ಹಾಕಿಬಿಡಿ, ದೊಡ್ಡವಳಾಗಿದ್ದಾಳೆ, ಅಂದಳು. ಹಿಂದೆಯೂ ಅಂದಿದ್ದಳು. ಅವನು ಹಿಂದೆ ಹೇಳಿದ್ದನ್ನೇ ಹೇಳಿದ: ಒಳಗೆ ಏನಾದರೂ ಹೆಚ್ಚುಕಡಿಮೆಯಾದರೆ? ಅವಳು ಚಹಾದ ಲೋಟವನ್ನು ಅವನ ಮುಂದೆ ಇಡುತ್ತ, “ಏನೂ ಆಗದೇ ಇರೋ ದಿನಗಳಲ್ಲಿ ಏನ್ ಮಾಡ್ಬೇಕು ರೀ?” ಅಂದಳು. ಅವನು ಗಡಿಯಾರ ನೋಡಿದ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ, ಕಿವಿ ಅಷ್ಟಕ್ಕಷ್ಟೇ ಆದ್ದರಿಂದ, ಯಾರು ಬಿದ್ದರು ಎಂದು ಕೇಳಿದಳು. ಯಾರೂ ಬಿದ್ದಿಲ್ಲಮ್ಮ ಎಂದು ಎಲ್ಲರೂ ಒಟ್ಟಿಗೆ ಕೂಗಿ ಹೇಳಿದರು. ಮಗಳು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇವತ್ತು ಬೆಳಿಗ್ಗೆಯ ಮೀಟಿಂಗಿನಲ್ಲಿ ಬಾಯಿ ಬಿಡಬೇಕು. ಬಿಡದಿದ್ದರೆ ಜೊತೆಗೆ ಕೆಲಸ ಮಾಡುವ ಇನ್ನೊಬ್ಬಳ ಎರಡು ವರ್ಷದ ದುಡಿಮೆ ಮಣ್ಣುಪಾಲು. ಇಷ್ಟು ಸ್ಪಷ್ಟವಾಗಿ ಯೋಚಿಸಿದ ಮೇಲೆ ಅವನಿಗೆ, ಯೋಚಿಸಿದ್ದೇ ಅರ್ಧ ಕೆಲಸ ಮುಗಿದಂತೆ ಅನ್ನಿಸಿ, ಹಗುರವಾಯಿತು. ಇದು ಅವನ ಹಳೆಯ ಚಾಳಿ.

ಅವನು ಕೆಲಸ ಮಾಡುವ ಕಡೆ ತಯಾರಾಗುವುದು ಕರ್ನಲ್. ಕಂಪ್ಯೂಟರಿನ ತಳದಲ್ಲಿ ಕೂತು ಯಾರಿಗೆ ಯಾವಾಗ ಏನು ಸಿಗಬೇಕೆಂದು ತೀರ್ಮಾನಿಸುವ, ಹೊರಗಿನವರು ಯಾರೂ ಕಣ್ಣಾರೆ ನೋಡದ ಪ್ರೋಗ್ರಾಂ. ಅದರಲ್ಲಿ ಅವನ ಪಾಲಿಗೆ ಬಂದದ್ದು ಸಾಕೆಟ್‌ಗಳು. ನೆಟ್‌ವರ್ಕಿನ ಆಚೆ ತುದಿಯವರ ಜೊತೆ ನಡೆಯುವ ಒಂದೊಂದು ಮಾತುಕತೆಗೂ ಈಚೆ ತುದಿಯಲ್ಲಿ ಒಂದೊಂದು ಸಾಕೆಟ್ ಇರುತ್ತದೆ. ಕಂಪ್ಯೂಟರಿನೊಳಗೆ ಏಕಕಾಲಕ್ಕೆ ದುಡಿಯುವ ಕೋರ್‌ಗಳು ಹಲವು; ಎರಡು ಕೋರ್‌ಗಳು ಒಂದೇ ಸಾಕೆಟ್ಟಿಗೆ ಒಟ್ಟಿಗೆ ಕೈಹಾಕಿದರೆ ಎಲ್ಲ ಕಲಸುಮೇಲೋಗರ. ಹಾಗಾಗದಿರಲೆಂದು ಬೀಗ. ಬೀಗ ಹಿಡಿದವರು ಕೆಲಸ ಮುಗಿಸಿ ಬಿಡುವ ತನಕ ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಹರೆಯದಲ್ಲಿ ಇದನ್ನೆಲ್ಲ ಬರೆದಾಗ ಅವನು ಇದ್ದಬದ್ದ ಸಾಕೆಟ್‌ಗಳಿಗೆಲ್ಲ ಸೇರಿಸಿ ಒಂದೇ ದೊಡ್ಡ ಬೀಗ ಹಾಕಿದ್ದ. ಆಗ ಕೋರ್‌ಗಳೂ ಕಡಿಮೆ, ಮಾತುಕತೆಗಳೂ ಕಡಿಮೆ. ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವ ಮನೆಯೊಡೆಯನ ಹಾಗೆ ಅವನು ಅದನ್ನು ಕಾದುಕೊಂಡು ಬಂದದ್ದರಿಂದ ಆಫೀಸಿನಲ್ಲಿ ಅವನಿಗೆ ಯಜಮಾನರು ಎಂದೇ ಹೆಸರು. ಹೊಸದಾಗಿ ಸೇರಿದವರು ಅದನ್ನೇ ಅವನ ನಿಜವಾದ ಹೆಸರು ಅಂದುಕೊಳ್ಳುತ್ತಿದ್ದರು. ಅವನು ತಿದ್ದುತ್ತಿರಲಿಲ್ಲ.

ಈಗ ಕೋರ್‌ಗಳು ಹೆಚ್ಚಾಗಿ, ಎಲ್ಲವೂ ಆ ಒಂದು ಬೀಗದ ಮುಂದೆ ನಿಂತು ಆಕಳಿಸುತ್ತವೆ. ಪಕ್ಕದ ಸಾಕೆಟ್ಟಿನಲ್ಲಿ ಯಾರೋ ಮಾತಾಡುತ್ತಿದ್ದಾರೆಂದು ಇಲ್ಲಿ ಸಂಬಂಧವೇ ಇಲ್ಲದವರು ಬಾಯಿ ಮುಚ್ಚಿಕೊಂಡು ಕಾಯಬೇಕು. ಇದು ಅನ್ಯಾಯ ಎಂದು ಮೊದಲು ಹೇಳಿದ್ದು ಎಡಗೈ ಮೇಡಂ. ಮೌಸನ್ನು ಎಡಗೈಯಲ್ಲಿ ಹಿಡಿಯುವ, ಊಟದ ಡಬ್ಬಿಯ ಮುಚ್ಚಳವನ್ನು ಎಲ್ಲರಿಗೂ ವಿರುದ್ಧ ದಿಕ್ಕಿಗೆ ತಿರುಗಿಸಲು ಹೋಗಿ ತಾನೇ ನಗುವ ಹೆಂಗಸು. ಅವನಿಗಿಂತ ಹತ್ತಾರು ವರ್ಷ ಚಿಕ್ಕವಳು. ಸಾಕೆಟ್ಟಿಗೊಂದು ಬೀಗ ಇರಲಿ, ತಲೆಗೊಂದು, ಅವರವರ ಕೆಲಸ ಅವರವರಿಗೆ, ಅಂದಳು. ಅವನು ನಕ್ಕಿದ್ದ. ಬೀಗ ಹೆಚ್ಚಾದಷ್ಟೂ ಸಿಕ್ಕಿಹಾಕಿಕೊಳ್ಳುವ ದಾರಿಗಳೂ ಹೆಚ್ಚು, ಒಬ್ಬನ ಬೀಗ ಇನ್ನೊಬ್ಬನಿಗೆ ಬೇಕು, ಇವನದು ಅವನಿಗೆ ಬೇಕು, ಇಬ್ಬರೂ ಬಿಡುವುದಿಲ್ಲ, ಇಬ್ಬರೂ ಕೇಳುತ್ತಲೇ ಇರುತ್ತಾರೆ, ಯಂತ್ರ ಕಲ್ಲಾಗುತ್ತದೆ, ಎಂದು ಬಿಡಿಸಿ ಹೇಳಿದ್ದ. ಅದಕ್ಕೇ ಒಂದು ಕ್ರಮ ಇರಬೇಕು ಸರ್, ಅಂದಿದ್ದಳು ಆಕೆ. ಹೊಸಬರಿಗಾಗಿ ಕಿವಿಗೊಟ್ಟು ಕಾಯುವ ಸಾಕೆಟ್ ತಾಯಿ, ಅದರಿಂದ ಹುಟ್ಟುವ ಒಂದೊಂದು ಮಾತುಕತೆಯ ಸಾಕೆಟ್ ಮಗು. ಎರಡೂ ಬೀಗ ಬೇಕಾದಾಗ ಯಾವಾಗಲೂ ತಾಯಿಯದು ಮೊದಲು, ಮಗುವಿನದು ಆಮೇಲೆ. ಈ ಕ್ರಮ ಎಲ್ಲರೂ ಪಾಲಿಸಿದರೆ ಯಾರೂ ಸಿಕ್ಕಿಕೊಳ್ಳುವುದಿಲ್ಲ. ಎರಡು ವರ್ಷ ಕೂತು ಅವಳು ಅದನ್ನು ಬರೆದಳು. ಸಾಕೆಟ್ ಮುಚ್ಚುವ ಭಾಗ ಹಳೆಯದು, ಗೋಜಲು, ಅವನದೇ ಕೈಬರಹ. ಅದನ್ನು ಹೊಸ ಕ್ರಮಕ್ಕೆ ತರುವ ಕೆಲಸ ನನಗೇ ಬಿಡಿ ಎಂದು ಅವನು ದೊಡ್ಡ ಮನಸ್ಸು ಮಾಡಿದ್ದ. ನಾಲ್ಕು ಜನರ ಮುಂದೆ ಹೇಳಿದ್ದ.

ಪರೀಕ್ಷೆಗಿಟ್ಟ ಯಂತ್ರ ಕಲ್ಲಾಯಿತು. ಒಂದು ಸಲವಲ್ಲ, ಭಾರ ಹೆಚ್ಚಿದಾಗಲೆಲ್ಲ. ಸಾಯುವ ಮುಂಚೆ ಯಂತ್ರ ತೆರೆಯ ಮೇಲೆ ಬರೆದಿಟ್ಟ ಹೇಳಿಕೆಯನ್ನು ಅವನು ಅವತ್ತೇ, ತನ್ನ ಮೇಜಿನಲ್ಲೇ ಕೂತು ಓದಿದ. ಒಂದು ಕೋರ್ ತಾಯಿಯ ಬೀಗ ಹಿಡಿದು ಮಗುವಿನದಕ್ಕೆ ಕಾಯುತ್ತಿದೆ. ಸರಿ, ಕ್ರಮಬದ್ಧ. ಇನ್ನೊಂದು ಮಗುವಿನ ಬೀಗ ಹಿಡಿದು ತಾಯಿಯದಕ್ಕೆ ಕೈ ಚಾಚಿದೆ. ಆ ಇನ್ನೊಂದು ಇದ್ದದ್ದು ಮುಚ್ಚುವ ಭಾಗದಲ್ಲಿ. ಅವನೇ ಬರೆದ ಸಾಲು. ದೊಡ್ಡ ಬೀಗದ ನೆರಳಲ್ಲಿ ಇಷ್ಟು ವರ್ಷ ಯಾವುದು ಮೊದಲು ಎಂಬ ಪ್ರಶ್ನೆಯೇ ಅವನಿಗೆ ಬಂದಿರಲಿಲ್ಲ. ಅಭ್ಯಾಸಬಲದಿಂದ ಕೈಗೆ ಸಿಕ್ಕಿದ್ದನ್ನು ಮೊದಲು ಹಿಡಿದಿದ್ದ. ಅವನು ತೆರೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದ. ಬಾಯಾರಿರಲಿಲ್ಲ.

ಆ ತಂಡದಲ್ಲೊಂದು ಪದ್ಧತಿ ಇತ್ತು, ಅದನ್ನು ತಂದವನೂ ಅವನೇ. ಯಾರ ಕೆಲಸದಿಂದ ಯಂತ್ರ ಕಲ್ಲಾಗುತ್ತದೋ ಅವರ ಮೇಜಿನ ಮೇಲೆ, ದೋಷ ಸರಿಯಾಗುವ ತನಕ, ಒಂದು ಹಳೆಯ ಕಬ್ಬಿಣದ ಬೀಗ ಕೂರಬೇಕು. ಕೀಲಿಕೈ ಇಲ್ಲದ, ಅಂಗೈ ತುಂಬುವ, ತುಕ್ಕು ಹಿಡಿದ ಬೀಗ. ಹಳೇ ಸಾಮಾನಿನ ಅಂಗಡಿಯಿಂದ ಅವನೇ ತಂದದ್ದು, ತಮಾಷೆಗೆ. ಅದು ಎಲ್ಲರ ಮೇಜನ್ನೂ ಸುತ್ತಿ ಬಂದಿತ್ತು, ಅವನ ಮೇಜೊಂದನ್ನು ಬಿಟ್ಟು. ಬಿಡಿಬಿಡಿ ಭಾಗಗಳನ್ನೆಲ್ಲ ಒಂದು ಕಂತೆ ಮಾಡಿ ಒಪ್ಪಿಸಿದ್ದು ಎಡಗೈ ಮೇಡಂ ಹೆಸರಿನಲ್ಲಿ, ಹಾಗಾಗಿ ಬೀಗ ಅವಳ ಮೇಜಿಗೆ ಹೋಯಿತು. ಯಾರೋ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಮೆಲ್ಲಗೆ. ಅವಳು ನಾಳೆಯೋ ನಾಡಿದ್ದೋ ಬಂದು ಕೇಳುತ್ತಾಳೆ, ಕೇಳಿದ ಕೂಡಲೇ ಹೇಳಿಬಿಡೋಣ ಎಂದು ಕಾದ. ಅವಳು ಬಂದು ಬೇರೆಲ್ಲ ಕೇಳಿದಳು. ಪೆನ್ನು ಕೇಳಿದಳು, ಅವನ ಅಮ್ಮನ ಸೊಂಟ ಹೇಗಿದೆ ಎಂದು ಕೇಳಿದಳು. ಇದನ್ನು ಮಾತ್ರ ಕೇಳಲಿಲ್ಲ. ಗಮನಿಸಿಯೇ ಇಲ್ಲ ಅನ್ನಿಸುತ್ತದೆ, ಆತುರದವಳು, ಎಂದು ಅವನು ಒಳಗೊಳಗೇ ಅವಳ ಮೇಲೆ ಒಂದಿಷ್ಟು ಸಿಟ್ಟನ್ನೂ ಬೆಳೆಸಿಕೊಂಡಿದ್ದ.

ಮೀಟಿಂಗಿನ ಕೋಣೆಯಲ್ಲಿ ಒಂದು ಕುರ್ಚಿಗೆ ಒಂದು ಚಕ್ರ ಇರಲಿಲ್ಲ. ಅದು ಯಾವಾಗಲೂ ತಡವಾಗಿ ಬಂದವರ ಪಾಲು. ಇವತ್ತು ಅವನ ಪಾಲಾಯಿತು. ತಂಡದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುವವರು, ವಿಷಯವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎತ್ತಿದರು: ಒಂದೇ ಬೀಗವೋ, ಸಾಕೆಟ್‌ಗಳನ್ನು ಸಾಲುಸಾಲಾಗಿ ಹಂಚಿ ಸಾಲಿಗೊಂದೋ, ತಲೆಗೊಂದೋ. ಸಾಲಿಗೊಂದು ಎಂಬುದು ಯಾರಿಗೂ ಬೇಡವಾಗಿದ್ದರಿಂದ ಅದರ ಬಗ್ಗೆ ಎಲ್ಲರೂ ಸ್ವಲ್ಪ ಹೊತ್ತು ಒಳ್ಳೆಯ ಮಾತಾಡಿದರು. ಆಮೇಲೆ ದೊಡ್ಡವರು ಎಡಗೈ ಮೇಡಂ ಕಡೆ ತಿರುಗಿ, ಯಂತ್ರ ಯಾಕೆ ನಿಲ್ಲುತ್ತಿದೆ ಗೊತ್ತಾಯಿತೇ ಎಂದರು. ಅವಳು ಒಮ್ಮೆ ಅವನ ಕಡೆ ನೋಡಿ, ಇನ್ನೂ ನೋಡುತ್ತಿದ್ದೇನೆ ಸರ್, ಅಂದಳು. ಹಾಗಾದರೆ ಈ ಸಲಕ್ಕೆ ಹಳೆಯ ಬೀಗವೇ ಇರಲಿ, ಇವರನ್ನು ಸದ್ಯಕ್ಕೆ ಪರೀಕ್ಷೆಯ ವಿಭಾಗಕ್ಕೆ ಹಾಕೋಣ, ಅಲ್ಲಿ ಜನ ಕಡಿಮೆ ಇದ್ದಾರೆ, ಎಂದು ದೊಡ್ಡವರು ಕಾಗದ ಮಡಿಚತೊಡಗಿದರು. ಸದ್ಯಕ್ಕೆ ಎಂದು ಆ ವಿಭಾಗಕ್ಕೆ ಹೋದವರು ಯಾರೂ ತಿರುಗಿ ಬಂದದ್ದಿಲ್ಲ.

ಅವನು ಎದ್ದು ನಿಂತ. ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಕುರ್ಚಿ ವಾಲಿತು. ತಪ್ಪು ನನ್ನದು, ಮುಚ್ಚುವ ಭಾಗದಲ್ಲಿದೆ, ಮಗುವಿನ ಬೀಗ ಮೊದಲು ಹಿಡಿದಿದ್ದೇನೆ. ಇದು ಬಸ್ಸಿನಿಂದಲೂ ನಾಲಿಗೆಯ ತುದಿಯಲ್ಲಿತ್ತು. ಬಾಯಿಂದ ಬಂದದ್ದು ಬೇರೆ.

“ಸರ್, ಇದರಲ್ಲಿ ಅವರದೊಂದೇ ತಪ್ಪು ಅಂತ ಹೇಳೋಕಾಗಲ್ಲ. ಹಿರಿಯನಾಗಿ ಜವಾಬ್ದಾರಿ ಅಂತ ಬಂದ್ರೆ ಅದು ನಂದೇ.”

ಕೋಣೆಯಲ್ಲಿ ಒಂದು ಮೆಚ್ಚುಗೆಯ ಗುಸುಗುಸು ಎದ್ದಿತು. ದೊಡ್ಡವರು ಕನ್ನಡಕ ತೆಗೆದು ನಕ್ಕರು. ಯಜಮಾನರದ್ದು ಯಾವಾಗಲೂ ಹೀಗೇ, ಚಿಕ್ಕವರ ತಪ್ಪನ್ನೆಲ್ಲ ತಲೆ ಮೇಲೆ ಹಾಕಿಕೊಳ್ಳುವುದರಲ್ಲಿ ಎತ್ತಿದ ಕೈ, ಅಂದರು. ಪಕ್ಕದಲ್ಲಿದ್ದವರು ಅವನ ಬೆನ್ನು ತಟ್ಟಿದರು. ಆಗ ಅವನಿಗಾದದ್ದು ಸಂಕಟವಲ್ಲ. ಹಿತವಾಯಿತು. ಚಳಿಯಲ್ಲಿ ಯಾರೋ ಹೊದಿಕೆ ಹೊದೆಸಿದಂತೆ ಹಿತವಾಯಿತು, ಮತ್ತು ಅವನು ಮುಗುಳ್ನಕ್ಕ. ನಗುವಾಗಲೇ ಗೊತ್ತಿತ್ತು, ಯಾರೂ ನಂಬದಿರುವ ಹಾಗೆ ಸತ್ಯ ಹೇಳುವುದನ್ನು ತಾನು ಎಷ್ಟು ಚೆನ್ನಾಗಿ ಕಲಿತಿದ್ದೇನೆಂದು. ಎದುರುಗಡೆ ಎಡಗೈ ಮೇಡಂ ತನ್ನ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಕುರ್ಚಿಗಳು ಸರಿದವು. ತೀರ್ಮಾನ ಆಗಿಹೋಯಿತು.

ಕಾರಿಡಾರಿನಲ್ಲಿ ನೀರಿನ ಯಂತ್ರದ ಹತ್ತಿರ ಅವಳು ನಿಂತಿದ್ದಳು. ಅವನು ಬೇರೆ ದಾರಿ ಹಿಡಿಯಬಹುದಿತ್ತು. ಬೇರೆ ದಾರಿ ಶೌಚಾಲಯಕ್ಕೆ ಮಾತ್ರ ಹೋಗುತ್ತಿತ್ತು. ಅವಳು ಅವನಿಗೊಂದು ಲೋಟ ತುಂಬಿಸಿ ಕೊಟ್ಟಳು.

“ಮುಚ್ಚುವ ಭಾಗದ ಆ ಸಾಲು ನನಗೂ ಕಂಡಿತ್ತು ಸರ್. ಮೊದಲ ದಿನಾನೇ.”

ಅವನು ಲೋಟ ಹಿಡಿದುಕೊಂಡೇ ನಿಂತ. ಮತ್ತೆ ಹೇಳಲಿಲ್ಲವೇಕೆ ಎಂದು ಕೇಳುವ ಹಕ್ಕು ತನಗಿದೆಯೇ ಎಂದು ಯೋಚಿಸುತ್ತಿರುವಾಗ ಅವಳೇ ಹೇಳಿದಳು. ಹೇಳಿದ್ದರೆ, ತಾನು ತಪ್ಪಿಸಿಕೊಳ್ಳಲು ಹಿರಿಯರ ಮೇಲೆ ಹಾಕಿದಳು ಎನ್ನುತ್ತಿದ್ದರು. ನೀವೇ ಹೇಳಿದರೆ ಒಂದು ಮಾತಲ್ಲಿ ಮುಗಿಯುತ್ತಿತ್ತು. ಅದಕ್ಕೇ ಪೆನ್ನು ಕೇಳಿಕೊಂಡು ಬಂದೆ, ಅಮ್ಮನ ಸೊಂಟ ಕೇಳಿಕೊಂಡು ಬಂದೆ. ನನ್ನ ಮೇಜಲ್ಲಿ ಪೆನ್ನಿಗೇನೂ ಬರ ಇರಲಿಲ್ಲ, ಸರ್. ಇದನ್ನೆಲ್ಲ ಅವಳು ದನಿ ಏರಿಸದೆ, ಯಾವುದೋ ಮೂರನೆಯವರ ಸಮಾಚಾರದ ಹಾಗೆ ಹೇಳಿದಳು. ಅವಳು ಅವನು ಹೇಳಲಿ ಎಂದು, ಅವನು ಅವಳು ಕೇಳಲಿ ಎಂದು, ಎದುರುಬದುರು ಮೇಜುಗಳಲ್ಲಿ ಕೂತು ಇಷ್ಟು ದಿನ ಕಾದಿದ್ದರು. ಯಂತ್ರಕ್ಕಾದರೆ ಒಂದು ಕಾವಲು ಗಡಿಯಾರವಿರುತ್ತದೆ. ಬಹಳ ಹೊತ್ತು ಅಲುಗಾಡದಿದ್ದರೆ ಕಿರುಚಿ ಹೇಳುತ್ತದೆ. ಅವನಿಗೆ ಏನಾದರೂ ಹೇಳಬೇಕು ಅನ್ನಿಸಿ, ಈಗ ಹೇಳಿದೆನಲ್ಲ, ಅಂದ.

“ಹೇಳಿದ್ರಿ. ಆಮೇಲೆ ನಕ್ರಿ,” ಅಂದಳು ಅವಳು. “ಆ ನಗು ಬೇಡವಾಗಿತ್ತು.”

ಅವಳು ಹೋದ ಮೇಲೆ ಅವನು ನೀರು ಕುಡಿದ. ಈ ಸಲ ನಿಜಕ್ಕೂ ಬಾಯಾರಿತ್ತು. ನಗುವುದಕ್ಕೆ ಮುಂಚೆ ಒಂದು ಕ್ಷಣವಿತ್ತು, ಅದರಲ್ಲಿ ಅಲ್ಲ ಸರ್ ಎಂದು ಅನ್ನಬಹುದಿತ್ತು. ಚಾರ್ಜರ್ ಕೇಳುವುದಕ್ಕೆ ಮುಂಚೆಯೂ ಅಂಥದೇ ಒಂದು ಕ್ಷಣವಿತ್ತು. ಬಾಗಿಲ ಬಳಿ ಅವನ ಕೈ ಇನ್ನೂ ಹಿಡಿಯ ಮೇಲೇ ಇತ್ತು, ಮಗಳ ಬೆನ್ನು ಒಮ್ಮೆ ಏರಿ ಇಳಿಯಿತು, ಏನಾಯ್ತಮ್ಮ ಎಂದು ಕೇಳುವುದಕ್ಕೆ ಒಂದೇ ಮಾತು ಸಾಕಿತ್ತು. ನಾಚಿಕೆಯಾಯಿತು. ತುಂಬ ವರ್ಷಗಳ ಮೇಲೆ, ಯಾರೂ ನೋಡದಿರುವಾಗ ಆಗುವ ನಾಚಿಕೆ. ಅವನು ಮೇಜಿಗೆ ಹೋಗಿ ಲ್ಯಾಪ್‌ಟಾಪ್ ಎತ್ತಿಕೊಂಡ.

ದೊಡ್ಡವರು ಊಟದ ಡಬ್ಬಿ ಬಿಚ್ಚಿದ್ದರು. ಬನ್ನಿ ಯಜಮಾನ್ರೇ, ಊಟ ಮಾಡೋಣ, ಅಂದರು. ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟು, ಆ ಸಾಲಿನ ಮೇಲೆ ಬೆರಳಿಟ್ಟ. ತೆರೆಯ ಮೇಲೆ ಬೆರಳಿನ ಗುರುತು ಮೂಡಿತು. ಇದು ನಾನು ಬರೆದದ್ದು, ಜವಾಬ್ದಾರಿಯ ಮಾತಲ್ಲ, ನಾನೇ ಈ ಬೆರಳಿಂದ ಟೈಪ್ ಮಾಡಿದ್ದು, ತಾಯಿಯದು ಮೊದಲು ಹಿಡಿಯಬೇಕಿತ್ತು, ಮಗುವಿನದು ಹಿಡಿದಿದ್ದೇನೆ, ಯಂತ್ರ ನಿಲ್ಲುವುದು ಇಲ್ಲೇ, ಅವರ ಭಾಗದಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ, ಅಂದ. ಒಂದೇ ಉಸಿರಿಗೆ ಅಂದ. ದೊಡ್ಡವರು ತುತ್ತು ನುಂಗಿ, ಕನ್ನಡಕ ಹಾಕಿಕೊಂಡು, ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದರು.

“ಸರಿ ಮಾಡೋಕೆ ಎಷ್ಟು ಕೆಲಸ?”

“ಎರಡು ಸಾಲು ಮೇಲೆ ಕೆಳಗೆ ಮಾಡಬೇಕು.”

“ಅಷ್ಟೇನಾ?”

“ಅಷ್ಟೇ.”

ದೊಡ್ಡವರು ಡಬ್ಬಿಯ ಮುಚ್ಚಳ ಹಾಕಿದರು. ಅವರ ಹಸಿವನ್ನೂ ಕೆಡಿಸಿದೆನೆಂದು ಅವನಿಗೆ ಅನ್ನಿಸಿತು.

“ಯಾವತ್ತು ಗೊತ್ತಾಯ್ತು ನಿಮಗೆ?”

ಇದು ಬಂದೇ ಬರುತ್ತದೆಂದು ಗೊತ್ತಿತ್ತು. ನಿನ್ನೆ ಎನ್ನಬಹುದಿತ್ತು, ಈಗಷ್ಟೇ ಎನ್ನಬಹುದಿತ್ತು, ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಮೊದಲ ದಿನವೇ, ಅಂದ. ದೊಡ್ಡವರು ಅವನನ್ನು ಬೈಯಲಿಲ್ಲ. ಸ್ವಲ್ಪ ಹೊತ್ತು ಅವನ ಅಂಗಿಯ ಜೇಬನ್ನು ನೋಡುತ್ತಿದ್ದು, ಎಲ್ಲರನ್ನೂ ಮತ್ತೆ ಕರೆಯಬೇಕು, ನೀವೇ ಹೇಳಿ, ನಾನು ಹೇಳೋದಿಲ್ಲ, ಅಂದರು. ಯಜಮಾನ್ರೇ ಎನ್ನಲಿಲ್ಲ. ನೀವು ಎಂದಷ್ಟೇ ಅಂದರು.

ಮಧ್ಯಾಹ್ನ ಅವನು ಹೇಳಿದ, ಈ ಸಲ ಕೂತುಕೊಂಡೇ. ಗುಸುಗುಸು ಏಳಲಿಲ್ಲ, ಬೆನ್ನಿನ ಮೇಲೆ ಕೈ ಬೀಳಲಿಲ್ಲ. ಸಾಲುಗಳನ್ನು ಅದಲುಬದಲು ಮಾಡಿ ಪರೀಕ್ಷೆಗಿಟ್ಟ ಯಂತ್ರ ಎಷ್ಟು ಭಾರ ಹೇರಿದರೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ತಲೆಗೊಂದು ಬೀಗ ಎಂಬುದೇ ಖಾಯಂ ಆಯಿತು, ಎಡಗೈ ಮೇಡಂ ಇದ್ದಲ್ಲೇ ಉಳಿದಳು. ಅವನು ಎಲ್ಲರ ಕಣ್ಣೆದುರು ಅವಳ ಮೇಜಿಗೆ ಹೋಗಿ ಕಬ್ಬಿಣದ ಬೀಗ ಎತ್ತಿಕೊಂಡ. ಅದರ ಕೆಳಗಿದ್ದ ಕಾಗದಗಳು ಫ್ಯಾನಿನ ಗಾಳಿಗೆ ಎದ್ದು ನೆಲದ ತುಂಬ ಹರಡಿದವು. ಅವಳು ಇಷ್ಟು ದಿನ ಅದನ್ನು ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದಳಂತೆ. ಅವನು ಮಂಡಿಯೂರಿ ಕಾಗದ ಹೆಕ್ಕಿದ. ಅವಳು ಕಾಲು ಎತ್ತಿ ಜಾಗ ಕೊಟ್ಟಳು. ದೋಷ ಸರಿಯಾದ ಮೇಲೆ ಬೀಗ ಯಾರ ಮೇಜಿನಲ್ಲೂ ಇರಬೇಕಿಲ್ಲ ಸರ್ ಎಂದು ಯಾರೋ ನಿಯಮ ನೆನಪಿಸಿದರು. ನಾಳೆ ತನಕ ಇರಲಿ, ಅಂದ. ಬೀಗ ಅವನು ನೆನಪಿಟ್ಟುಕೊಂಡಿದ್ದಕ್ಕಿಂತ ಭಾರವಾಗಿತ್ತು. ಮನೆಗೆ ಹೊರಡುವಾಗ ಬಾಗಿಲ ಬಳಿಯ ಕಾವಲುಗಾರ ಎಂದಿನಂತೆ ನಮಸ್ಕಾರ ಯಜಮಾನ್ರೇ ಅಂದ, ಅವನಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ.

ಮನೆಯಲ್ಲಿ ಚಪ್ಪಲಿ ಬಿಟ್ಟವನೇ ಸ್ಟೂಲು ಹಾಕಿ ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದ. ಚಿಲಕಗಳಿಗೆ ತುಕ್ಕು ಹತ್ತಿತ್ತು. ಒಂದನ್ನು ಒರೆಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಮಗಳ ಕೋಣೆಯ ಬಾಗಿಲ ಮುಂದೆ ನಿಂತ. ಅವಳು ಓದುತ್ತಿದ್ದಳು, ಬಾಗಿಲು ತೆರೆದೇ ಇತ್ತು. ಅವನು ಹಳೆಯ ತೂತುಗಳಿಗೇ ಸ್ಕ್ರೂ ತಿರುಗಿಸಿದ. ಅವಳು ಪುಸ್ತಕದ ಮೇಲಿನಿಂದ ನೋಡಿದಳು. ಹೆಂಡತಿ ಅಡುಗೆಮನೆಯ ಬಾಗಿಲಿಂದ ಇಣುಕಿ ಒಳಗೆ ಸರಿದಳು. ಅಮ್ಮ ಮಾತ್ರ ಕುರ್ಚಿಯಿಂದಲೇ, ಹುಡುಗಿ ಒಳಗೆ ಬಿದ್ದುಗಿದ್ದರೆ ಏನೋ ಗತಿ, ಅಂದಳು. ಬಿದ್ದರೆ ಕೂಗುತ್ತಾಳೆ ಬಿಡಮ್ಮ, ಅಂದ. ಅಮ್ಮ ಹೋಗುವ ಬಚ್ಚಲಿಗೆ ಚಿಲಕ ಬೇಡ, ಅಲ್ಲಿ ಕೆಮ್ಮೇ ಇರಲಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ. ಆಮೇಲೆ, ಅದನ್ನೂ ಅಮ್ಮನನ್ನು ಕೇಳಿಯೇ ತೀರ್ಮಾನಿಸಬೇಕೇನೋ ಅನ್ನಿಸಿತು.

ಕೆಲಸ ಮುಗಿದ ಮೇಲೆ ಮಗಳು ಎದ್ದು ಬಂದು ಬಾಗಿಲು ಮುಚ್ಚಿದಳು. ಒಳಗೆ ಚಿಲಕ ಬಿದ್ದ ಸದ್ದಾಯಿತು. ಒಂದು ಸಲ ತೆಗೆದು ಮತ್ತೆ ಹಾಕಿ ನೋಡಿದಳು. ಸ್ಕ್ರೂಡ್ರೈವರ್ ಹಿಡಿದು ಹೊರಗೆ ನಿಂತಿದ್ದ ಅವನು ಅಭ್ಯಾಸಬಲದಿಂದ ಕೆಮ್ಮಿದ.

“ಅಪ್ಪಾ, ಚಿಲಕ ಹಾಕಿದೀನಿ. ಇನ್ನು ಕೆಮ್ಮೋದು ಬೇಡ. ಏನು ಬೇಕು ಹೇಳು.”

ಏನೂ ಬೇಕಿರಲಿಲ್ಲ. ಬಾಗಿಲಿನ ಬಣ್ಣ ಚಿಲಕದ ಮಟ್ಟದಲ್ಲಿ ಕೈ ತಾಗಿ ತಾಗಿ ಮಾಸಿದ್ದನ್ನು ಅವನು ನೋಡಿದ.

“ನಿನ್ನೆ ನಾನು ಹಾಗೆ ಒಳಗೆ ಬರಬಾರದಿತ್ತಮ್ಮ,” ಅಂದ. “ಬಂದ ಮೇಲೆ ಚಾರ್ಜರ್ ಕೇಳಬಾರದಿತ್ತು.”

ಕೆಮ್ಮು ಗಂಟಲಿಗೆ ಬಂದದ್ದನ್ನು ನುಂಗಿಕೊಂಡು ಅವನು ಕಾದ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು.

“ಇದು ಯಾವಾಗ ಗೊತ್ತಾಯ್ತು ನಿನಗೆ?” ಎಂದು ಮಗಳ ದನಿ ಬಾಗಿಲಿಗೆ ಬಹಳ ಹತ್ತಿರದಿಂದ ಬಂತು.

“ಆಗಲೇ,” ಅಂದ.

ಚಿಲಕ ತೆರೆಯಲಿಲ್ಲ. ತೆರೆಯೆಂದು ಅವನೂ ಹೇಳಲಿಲ್ಲ. ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕೂತುಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಬಾಗಿಲ ಆಚೆ ಬದಿ, ಅವಳೂ ನೆಲದ ಮೇಲೆ ಕೂತ ಸದ್ದಾಯಿತು.